ದೆವ್ವಕ್ಕಿಂತ ‘ನಿದ್ದೆ ಗುಳಿಗೆ’ ಕೊಟ್ಟ ತೊಂದರೆ ಜಾಸ್ತಿ: ಕುಷ್ಟಗಿ ಕಡೆಯ ಒಂದು ಬಾಣಂತನದ ಪ್ರಕರಣ

ಹೆರಿಗೆಯಾದ ಮೂರನೇ ರಾತ್ರಿಯಿಂದ ಅವಳಿಗೆ ನಿದ್ದೆ ಇಲ್ಲ. ಕೂಸು ಮಲಗಿದರೂ ಇವಳು ಎದ್ದು ಕೂತಿರುತ್ತಿದ್ದಳು. ಐದನೇ ದಿನಕ್ಕೆ ಮಾತು ಜಾಸ್ತಿಯಾಯಿತು, ಒಂದು ಮುಗಿಯುವ ಮೊದಲೇ ಇನ್ನೊಂದು. ಒಂಬತ್ತನೇ ದಿನ ನಡುರಾತ್ರಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ಹೊರಟಳು. ಅಂಗಳದಲ್ಲಿ ಮಲಗಿದ್ದ ಅಣ್ಣ ಎದ್ದು ತಡೆದ. “ಇದು ನನ್ನ ಕೂಸಲ್ಲ, ಬದಲಿ ಮಾಡ್ಯಾರ. ದವಾಖಾನಿಗೆ ಕೊಟ್ಟು ನಂದು ತರ್ತೀನಿ” ಅಂದಳಂತೆ.

ವಯಸ್ಸು ಇಪ್ಪತ್ತೆರಡು, ಮೊದಲ ಹೆರಿಗೆ. ತವರು ಕುಷ್ಟಗಿ ತಾಲೂಕಿನ ಒಂದು ಹಳ್ಳಿ, ಸಜ್ಜೆ ತೊಗರಿ ಬೆಳೆಯುವ ಒಣ ನೆಲ. ಗಂಡನ ಮನೆ ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಊರು. ಹೆಸರು ಬೇಡ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮಾನಸಿಕ ಆರೋಗ್ಯ ತಂಡದ ಪರವಾಗಿ ಮನೆ ಮನೆಗೆ ಹೋಗುವುದು ನನ್ನ ಕೆಲಸ. ಈ ಮನೆಗೂ ಹಾಗೇ ಹೋಗಿದ್ದು.

ಇಂಥ ಪ್ರಕರಣ ಬರೆಯುವಾಗ ನಮ್ಮವರು ಒಂದು ದಾರಿ ಹಿಡಿದುಬಿಡುತ್ತಾರೆ. ಹಳ್ಳಿ ಮಂದಿ ದೆವ್ವ ಅಂದರು, ನಿಂಬೆಹಣ್ಣು ಇಳಿಸಿದರು, ಕೊನೆಗೆ ಡಾಕ್ಟರ್ ಉಳಿಸಿದರು ಅಂತ. ಇಲ್ಲಿ ಹಾಗಾಗಲಿಲ್ಲ. ನಿಂಬೆಹಣ್ಣು ಇಳಿಸಿದ್ದು ನಿಜ, ದಾರ ಕಟ್ಟಿಸಿದ್ದೂ ನಿಜ. ಅದರಿಂದ ಹೋದದ್ದು ಮೂರ್ನಾಲ್ಕು ದಿನ. ದೊಡ್ಡ ಪೆಟ್ಟು ಬಿದ್ದದ್ದು ಆಸ್ಪತ್ರೆಯಿಂದ ಬಂದ ಮೇಲೆ, ಓದು ಬರಹ ಬಲ್ಲವರ ಮಾತಿನಿಂದ.

ಮೊದಲು ಸರಿಯಾಗಿ ಹೇಳಿದ್ದು ಅಜ್ಜಿ

ಮನೆಯಲ್ಲಿ ತಲೆಗೊಂದು ಮಾತು. ದೊಡ್ಡಮ್ಮನ ಪ್ರಕಾರ ಗಾಳಿ ಸೋಕಿದೆ, ಹೆರಿಗೆಗೆ ಮೊದಲು ಸಂಜೆ ಹೊತ್ತು ಹಳ್ಳದ ದಾರಿಯಲ್ಲಿ ಬಂದಿದ್ದಳು. ಅಪ್ಪನ ಪ್ರಕಾರ ಹುಲಿಗೆಮ್ಮನ ಹರಕೆ ಬಾಕಿ. ಅಣ್ಣನಿಗೆ ಸಿಟ್ಟು, “ನಾಟಕ ಮಾಡಾಕತ್ಯಾಳ, ಗಂಡನ ಮನಿಗೆ ಹೋಗಾಕ ಮನಸಿಲ್ಲ” ಅಂತ. ಎಪ್ಪತ್ತು ದಾಟಿದ ಅಜ್ಜಿ ಮಾತ್ರ ಮೊದಲ ದಿನದಿಂದ ಒಂದೇ ಮಾತು ಹೇಳುತ್ತಿದ್ದಳು: “ಇದು ಬಾಣಂತಿ ಸನ್ನಿ ಐತಿ. ನಿದ್ದಿ ಹೋದಾಗ್ಲೇ ನನಗ ಗೊತ್ತಾತು.”

ಅಜ್ಜಿ ಹೇಳಿದ್ದೇ ಸರಿ. ಇದಕ್ಕೆ ಡಾಕ್ಟರುಗಳು ಪೋಸ್ಟ್‌ಪಾರ್ಟಮ್ ಸೈಕೋಸಿಸ್ ಅನ್ನುತ್ತಾರೆ. ಸಾವಿರ ಹೆರಿಗೆಗೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೇ, ಬಹಳ ಬೇಗ ಏರುತ್ತದೆ. ನಿದ್ದೆ ಹೋಗುವುದೇ ಮೊದಲ ಸುಳಿವು. ಹೆರಿಗೆ ಆದ ಕೂಡಲೇ ಮೈಯಲ್ಲಿ ಹಾರ್ಮೋನುಗಳು ದಡಕ್ಕನೆ ಇಳಿಯುತ್ತವೆ, ನಿದ್ದೆ ಕೆಡುತ್ತದೆ. ಒಳಗೆ ಬೈಪೋಲಾರ್ ಕಾಯಿಲೆಯ, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಕಾಯಿಲೆಯ, ಒಲವು ಇರುವವರಲ್ಲಿ ಇದು ಜಾಸ್ತಿ. ಹೆರಿಗೆಯಾದ ನಾಲ್ಕೈದು ದಿನಕ್ಕೆ ಸುಮ್ನೆ ಅಳು ಬರುವುದು ಬೇರೆ. ಅದು ಅರ್ಧಕ್ಕಿಂತ ಜಾಸ್ತಿ ಬಾಣಂತಿಯರಿಗೆ ಬರುತ್ತದೆ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ತಿಂಗಳುಗಟ್ಟಲೆ ಎಳೆಯುವ ಖಿನ್ನತೆ ಇನ್ನೊಂದು. ಅದು ನಮ್ಮ ದೇಶದಲ್ಲಿ ಸುಮಾರು ಐವರು ತಾಯಂದಿರಲ್ಲಿ ಒಬ್ಬರಿಗೆ ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಯಿಲೆ ಗುರುತಿಸಿದ ಅಜ್ಜಿ ಮದ್ದಿನಲ್ಲಿ ಎಡವಿದಳು. ಸನ್ನಿಗೆ ಥಂಡಿ ಕಾರಣ ಅನ್ನೋದು ಅವಳ ನಂಬಿಕೆ. ಹೊರಸಿನ ಕೆಳಗೆ ಕುಳ್ಳಿನ ಬೆಂಕಿ ಜಾಸ್ತಿ ಮಾಡಿಸಿದಳು. ಕಿಟಕಿ ಮುಚ್ಚಿಸಿದಳು. ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಬಟ್ಟೆ. ಕುಡಿಯುವ ನೀರು ದಿನಕ್ಕೆ ಎರಡು ಲೋಟ, ಅದೂ ಕಾಯಿಸಿದ್ದು. ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದಂತೆ.

ಬಾಣಂತನವನ್ನು ಹೀಗಳೆಯುವವರ ಪೈಕಿ ನಾನಲ್ಲ. ನಲವತ್ತು ದಿನ ಕೆಲಸ ಮಾಡಿಸದೆ, ಹೊತ್ತಿಗೆ ಸರಿಯಾಗಿ ಊಟ ಕೊಟ್ಟು, ಎರೆದು, ಅಂಟಿನುಂಡಿ ತಿನ್ನಿಸಿ, ಕೂಸನ್ನು ಇನ್ನೊಬ್ಬರು ಎತ್ತಿಕೊಳ್ಳುವ ಪದ್ಧತಿ ತಲೆಗೂ ಒಳ್ಳೆಯದೇ. ಆದರೆ ನೀರು ಕಟ್ಟುವುದು ಮಾತ್ರ ಬಿಡಲೇಬೇಕಾದ್ದು. ಬಾಣಂತಿಯರ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂತಿರುತ್ತದೆ. ನೀರು ಕಮ್ಮಿಯಾದರೆ, ಮೇಲೆ ರಕ್ತಹೀನತೆಯೂ ಇದ್ದರೆ, ಮಿದುಳಿನ ರಕ್ತನಾಳದಲ್ಲಿ ಹೆಪ್ಪು ನಿಲ್ಲುವ ಅಪಾಯ ಏರುತ್ತದೆ. ಆಗಲೂ ಹೀಗೇ ಗೊಂದಲದ ಮಾತು ಬರುತ್ತದೆ, ಜೊತೆಗೆ ತಲೆನೋವು, ಫಿಟ್ಸ್.

ಅದಕ್ಕೇ ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಮನಸ್ಸಿನ ವಿಚಾರಕ್ಕೆ ಕೈ ಹಾಕುವ ಮೊದಲು ಮೈ ನೋಡಿದರು. ಜ್ವರ ಇದೆಯಾ, ಬಿಪಿ ಎಷ್ಟು, ಹೊಲಿಗೆ ಕೀವು ಹಿಡಿದಿದೆಯಾ, ತಲೆನೋವು ಇತ್ತಾ, ಮೈ ಸೆಟೆದಿತ್ತಾ. ಹಿಮೋಗ್ಲೋಬಿನ್, ಥೈರಾಯ್ಡ್, ಸೋಡಿಯಂ ಪರೀಕ್ಷೆಗೆ ಬರೆದರು. ಅಣ್ಣನಿಗೆ ತಾಳ್ಮೆ ಕೆಟ್ಟಿತು. “ತಲಿ ಕೆಟ್ಟಾಕಿಗೆ ರಕ್ತ ಯಾಕ ತಗೀತೀರಿ?” ಅಂತ ಕೇಳಿದ. ಮಾನಸಿಕ ಕಾಯಿಲೆಗೆ ಮೈ ಪರೀಕ್ಷೆ ಬೇಕಿಲ್ಲ ಅನ್ನುವ ತಿಳಿವಳಿಕೆ ಅವನೊಬ್ಬನದಲ್ಲ, ಪೇಟೆಯಲ್ಲೂ ಇದೆ. ಇವಳಿಗೆ ರಕ್ತ ಕಮ್ಮಿ ಇತ್ತು, ಮಿಕ್ಕಿದ್ದೆಲ್ಲ ಸರಿ ಇತ್ತು.

ಮುಂಗೈ ಮೇಲಿನ ಗುರುತು

ಬಿಪಿ ನೋಡಲು ಪಟ್ಟಿ ಸುತ್ತುವಾಗ ಬಳೆ ಮೇಲೆ ಸರಿಯಿತು. ಎಡ ಮುಂಗೈಯಲ್ಲಿ ಕೆಂಪು ಬರೆ, ಎರಡು ಬೆರಳಗಲ, ಅಂಚಿನಲ್ಲಿ ಚರ್ಮ ಕಿತ್ತಿತ್ತು. ತಾಯಿ ಸೆರಗು ಬಾಯಿಗಿಟ್ಟುಕೊಂಡಳು. ಮೂರು ರಾತ್ರಿ ಹಳೆ ಇಳಕಲ್ ಸೀರೆಯ ತುಂಡಿನಿಂದ ಹೊರಸಿಗೆ ಕಟ್ಟಿ ಹಾಕಿದ್ದರು. ಕೂಸನ್ನು ಎತ್ತಿಕೊಂಡು ಮತ್ತೆ ಹೊರಗೆ ಹೋದರೆ ಅನ್ನುವ ಹೆದರಿಕೆ. ಬಟ್ಟೆ ಮೆತ್ತಗಿರಲಿ ಅಂತ ಸೀರೆಯನ್ನೇ ಆರಿಸಿದ್ದರಂತೆ.

ಡಾಕ್ಟರ್ ಬೈಯಲಿಲ್ಲ. ಅದು ನನಗೆ ಹಿಡಿಸಿತು. ಕಟ್ಟಬಾರದು, ಪಕ್ಕದಲ್ಲಿ ಇಬ್ಬರು ಸರದಿಯ ಮೇಲೆ ಕೂರಬೇಕು ಅಂತಷ್ಟೇ ಹೇಳಿದರು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಆಶ್ರಯಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ರೋಗಿಗಳು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಲಾಗಿದೆ. ಸೀರೆ ತುಂಡು ಸರಪಳಿ ಅಲ್ಲವಲ್ಲ ಅಂತ ವಾದ ಮಾಡಬಹುದು. ಬರೆ ಅದನ್ನು ಒಪ್ಪುವುದಿಲ್ಲ.

ಹೆದರಿಕೆಗೆ ಕಾರಣ ಇರಲಿಲ್ಲ ಅಂತಲ್ಲ. ಈ ಕಾಯಿಲೆಯಲ್ಲಿ ತಾಯಿಗೂ ಕೂಸಿಗೂ ಅಪಾಯ ಇದ್ದೇ ಇದೆ. ಹಾಗಂತ ಅವಳು ಕೂಸಿನ ಮೇಲೆ ಸಿಟ್ಟು ಇಟ್ಟುಕೊಂಡವಳಲ್ಲ. ಅವಳ ತಲೆಯೊಳಗಿನ ಲೆಕ್ಕದಲ್ಲಿ ಅವಳು ಕೂಸನ್ನು ಕಾಪಾಡುತ್ತಿದ್ದಳು. ಹಾಲಿನಲ್ಲಿ ವಿಷ ಇದೆ ಅಂತ ನಂಬಿ ಕುಡಿಸುವುದು ಬಿಟ್ಟಿದ್ದಳು. ಹೊರಗಿನಿಂದ ನೋಡಿದವರು ‘ಕೂಸಿಗೆ ಹಾಲು ಕೊಡದ ಪಾಪಿ’ ಅಂದರು.

ಅಂದು ಮಂಗಳವಾರ, ಮನೋವೈದ್ಯರು ಬರುವ ದಿನ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಯುತ್ತದೆ. ಹಳ್ಳಿಗೆ ಹತ್ತಿರದಲ್ಲೇ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಸಿಗಬೇಕು ಅನ್ನುವ ಯೋಚನೆಗೆ ನಮ್ಮ ಸೀಮೆಯ ನಂಟು ಹಳೆಯದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಅಲ್ಲೇ ಮಾತ್ರೆ ಸಿಗುವ ಹಾಗೆ ಮಾಡಿ ನೋಡಿದ್ದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ದೇಶಕ್ಕೆಲ್ಲ ಮಾದರಿ ಕೊಟ್ಟದ್ದು ಪಕ್ಕದ ಜಿಲ್ಲೆ. ಇವರ ಮನೆಯಲ್ಲಿ ಒಬ್ಬರಿಗೂ ಮಂಗಳವಾರದ ವಿಷಯ ಗೊತ್ತಿರಲಿಲ್ಲ. ಆಶಾ ಕಾರ್ಯಕರ್ತೆ ಹೇಳಿ ಕರೆದುಕೊಂಡು ಬಂದಿದ್ದಳು.

ವಾರ್ಡಿನಲ್ಲಿ

ಅಂದೇ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳಿಸಿದರು. ಅಪ್ಪನ ಪ್ರಶ್ನೆ ಒಂದೇ: ಒಳಗೆ ಹಾಕಿದರೆ ಮತ್ತೆ ಹೊರಗೆ ಬಿಡುತ್ತಾರಾ? ಜೈಲಿನಂತೆ ಗೇಟು, ಬೀಗ, ಬಿಳಿ ಬಟ್ಟೆ, ಸಿನಿಮಾದಲ್ಲಿ ನೋಡಿದ್ದೆಲ್ಲ ಅವನ ಕಣ್ಣ ಮುಂದಿತ್ತು. ಈಗಿನ ಕಾಯ್ದೆಯ ಪ್ರಕಾರ ರೋಗಿ ತಾನೇ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಅವರ ಪರವಾಗಿ ಗೊತ್ತುಪಡಿಸಿದ ಒಬ್ಬರು ಅರ್ಜಿ ಕೊಡಬೇಕು. ಹಾಗೆ ದಾಖಲು ಮಾಡಿದರೆ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಅರಿವು ಮರಳಿದ ಮೇಲೆ ಅವಳ ಮಾತೇ ನಡೆಯುತ್ತದೆ. ಇಷ್ಟು ಹೇಳಿದ ಮೇಲೂ ಅಪ್ಪ ವಾರ್ಡಿನ ಬಾಗಿಲನ್ನು ಒಂದು ಸಲ ತೆಗೆದು, ಒಂದು ಸಲ ಹಾಕಿ ನೋಡಿದ. ಬೀಗ ಇರಲಿಲ್ಲ.

ಎರಡನೇ ಚಿಂತೆ ಕೂಸಿನದು. ತಾಯಿಯನ್ನು ಸೇರಿಸಿಕೊಂಡು ಕೂಸನ್ನು ಮನೆಗೆ ಕಳಿಸುತ್ತಾರೆ ಅಂತ ಎಲ್ಲರೂ ತಿಳಿದಿದ್ದರು. ಅದೇ ಕಾಯ್ದೆಯ 21ನೇ ಸೆಕ್ಷನ್ ಬೇರೆ ಮಾತು ಹೇಳುತ್ತದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಮಗುವಿಗೆ ಅಪಾಯ ಅನ್ನಿಸಿದರೆ ಮಾತ್ರ ತಾತ್ಕಾಲಿಕವಾಗಿ ಮಾಡಬಹುದು. ಆಗಲೂ ಯಾರಾದರೂ ಜೊತೆಗಿದ್ದು ತಾಯಿಗೆ ಮಗುವನ್ನು ತೋರಿಸಬೇಕು, ಬೇರೆ ಇಡುವುದು ಇನ್ನೂ ಬೇಕೇ ಅಂತ 15 ದಿನಕ್ಕೊಮ್ಮೆ ನೋಡಬೇಕು. ತಾಯಿ ಮಗು ಇಬ್ಬರನ್ನೂ ಜೊತೆಗೇ ಇಟ್ಟು ನೋಡಿಕೊಳ್ಳುವ ವಾರ್ಡನ್ನು ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲೇ ತೆರೆದಿದೆ. ಇಲ್ಲಿ ಅಂಥ ವಾರ್ಡ್ ಇರಲಿಲ್ಲ. ಮೊದಲ ನಾಲ್ಕು ದಿನ ಕೂಸು ಅಜ್ಜಿಯ ಮಡಿಲಲ್ಲಿ, ಕಾರಿಡಾರಿನಲ್ಲಿ. ಆಮೇಲೆ ತಾಯಿಯ ಪಕ್ಕ, ಅಜ್ಜಿಯ ಕಣ್ಣಳತೆಯಲ್ಲಿ.

ಅವಳಿಗೆ ಕೊಟ್ಟದ್ದು ಎರಡು ದಿನ ಇಂಜೆಕ್ಷನ್, ಆಮೇಲೆ ಗುಳಿಗೆ. ಊರಲ್ಲಿ ಸುದ್ದಿ ಮಾತ್ರ ‘ಕರೆಂಟ್ ಕೊಟ್ಟರಂತ’. ಕೊಡಲಿಲ್ಲ. ಕೊಡಬೇಕಾಗಿ ಬಂದಿದ್ದರೂ ನಾಚಿಕೆ ಪಡುವಂಥದ್ದೇನಲ್ಲ. ಈ ಕಾಯಿಲೆ ತೀವ್ರವಾದಾಗ ಇಸಿಟಿ, ಅಂದರೆ ಊರವರು ‘ಕರೆಂಟ್’ ಅನ್ನುವ ಚಿಕಿತ್ಸೆ, ಚೆನ್ನಾಗಿ ಕೆಲಸ ಮಾಡುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಅದನ್ನು ಕೊಡುವುದಕ್ಕೆ ಕಾನೂನೇ ಬಿಡುವುದಿಲ್ಲ. ಸಿನಿಮಾದಲ್ಲಿ ನಾಲ್ಕು ಜನ ಹಿಡಿದುಕೊಂಡು ಕೊಡುವುದನ್ನು ನೋಡಿದವರಿಗೆ ಇದನ್ನು ನಂಬಿಸುವುದು ಕಷ್ಟ, ನಾನೂ ಜಾಸ್ತಿ ಪ್ರಯತ್ನ ಮಾಡುವುದಿಲ್ಲ.

ಎರಡನೇ ವಾರ ಮುಗಿಯುವ ಹೊತ್ತಿಗೆ ಅವಳು ಕೂಸನ್ನು ಎತ್ತಿಕೊಂಡು “ಮೂಗು ಅವರಪ್ಪನ್ದು” ಅಂದಳು. ಮನೆಗೆ ಕಳಿಸಿದರು.

ಚೀಟಿಯಲ್ಲಿ ಎರಡು ಗುಳಿಗೆ

ಈ ಪ್ರಕರಣದ ಗಂಟು ಇಲ್ಲಿದೆ.

ಚೀಟಿಯಲ್ಲಿ ಎರಡು ಗುಳಿಗೆ ಬರೆದಿದ್ದರು. ಒಂದು ಓಲಾಂಜಪಿನ್, ರಾತ್ರಿ ಒಂದು, ನಿಲ್ಲಿಸದೆ ತೆಗೆದುಕೊಳ್ಳಬೇಕಾದ್ದು. ಇನ್ನೊಂದು ಲೊರಾಜೆಪಾಮ್, ಕೆಲವೇ ದಿನ, ಅರ್ಧಕ್ಕೆ ಇಳಿಸಿ ಬಿಡಬೇಕಾದ್ದು. ಮೊದಲನೆಯದು ಕಾಯಿಲೆಗೆ, ಚಟ ಹತ್ತುವಂಥದ್ದಲ್ಲ. ಎರಡನೆಯದು ನಿದ್ದೆಗೆ, ತಿಂಗಳುಗಟ್ಟಲೆ ನುಂಗಿದರೆ ಚಟ ಹತ್ತುತ್ತದೆ. ಅದಕ್ಕೇ ಕೆಲವೇ ದಿನಕ್ಕೆ ಬರೆಯುವುದು.

ಅಣ್ಣನ ಗೆಳೆಯನೊಬ್ಬನ ಔಷಧಿ ಅಂಗಡಿ ಇದೆ. ಗುಳಿಗೆ ತೀರಿದಾಗ ಅಣ್ಣ ಅಲ್ಲಿಗೆ ಹೋದ. ಗೆಳೆಯ ಚೀಟಿ ನೋಡಿ ಲೊರಾಜೆಪಾಮ್ ಹೆಸರಿನ ಮೇಲೆ ಬೆರಳಿಟ್ಟು, “ಇದು ನಿದ್ದಿ ಗುಳಿಗಿ. ಚಟ ಆಗ್ತೈತಿ. ಹಾಲಿನಾಗ ಇಳದು ಕೂಸಿಗೂ ಹೋಗ್ತೈತಿ. ಬೇಗ ಬಿಡ್ಸು” ಅಂದ. ಆ ಒಂದು ಗುಳಿಗೆಯ ಮಟ್ಟಿಗೆ ಅವನು ಹೇಳಿದ್ದು ಸುಳ್ಳಲ್ಲ. ಮನೆಗೆ ಬರುವಷ್ಟರಲ್ಲಿ ಅದು ಎರಡೂ ಗುಳಿಗೆಗೆ ಅನ್ವಯವಾಯಿತು. ಓಲಾಂಜಪಿನ್‌ನಿಂದಲೂ ಬೆಳಿಗ್ಗೆ ಮಂಪರು ಇರುತ್ತಿತ್ತು, ಆದ್ದರಿಂದ ಎಲ್ಲರಿಗೂ ಹೌದು ಅನ್ನಿಸಿತು. ದೆವ್ವದ ಮಾತನ್ನು ಆಸ್ಪತ್ರೆಯಲ್ಲಿ ಕೂತು ಅಲ್ಲಗಳೆಯುವುದು ಸುಲಭ, ಅರ್ಧ ನಿಜವನ್ನು ಅಲ್ಲಗಳೆಯುವುದು ಹೇಗೆ?

ಹಾಲಿನ ವಿಷಯ ತಾಯಿಗೆ ಜಾಸ್ತಿ ಚುಚ್ಚಿತು. ಓಲಾಂಜಪಿನ್ ಹಾಲಿಗೆ ಇಳಿಯುತ್ತದೆ, ಆದರೆ ಬಹಳ ಕಮ್ಮಿ. ಹಾಲು ಕುಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಆರಿಸುವ ಔಷಧಗಳಲ್ಲಿ ಅದೂ ಒಂದು. ಕೂಸು ವಿಪರೀತ ಮಲಗುತ್ತಿದೆಯಾ, ಚೀಪುವುದು ಕಮ್ಮಿಯಾಗಿದೆಯಾ ಅಂತ ನೋಡುತ್ತಿದ್ದರೆ ಸಾಕು. ಇದನ್ನು ಬಿಡುಗಡೆಯ ದಿನ ಯಾರೂ ಹೇಳಿರಲಿಲ್ಲವಾ ಅಂದರೆ, ಹೇಳಿದ್ದರು, ಅಣ್ಣನಿಗೆ. ಹಾಲು ಕುಡಿಸುವವಳು ಪಕ್ಕದಲ್ಲೇ ಇದ್ದಳು, ಅವಳನ್ನು ನೋಡಿ ಯಾರೂ ಹೇಳಲಿಲ್ಲ. ಮನೋರೋಗಿಗೆ ಏನು ತಿಳಿಯುತ್ತದೆ ಅನ್ನುವ ಭಾವನೆ ಬರೀ ಹಳ್ಳಿಯಲ್ಲಿ ಮಾತ್ರ ಇರುವುದಲ್ಲ.

ಗುಳಿಗೆ ಬಿಡಿಸಲು ಚಟ, ಹಾಲು ಬಿಟ್ಟು ಮೂರನೇ ಕಾರಣ ಯಾರೂ ಬಾಯಿಬಿಟ್ಟು ಹೇಳದ್ದು. ಸಿಂಧನೂರಿಗೆ ‘ಬಾಣಂತಿ ಜ್ವರ’ ಅಂತಷ್ಟೇ ತಿಳಿಸಿದ್ದರು. ಮೂರನೇ ತಿಂಗಳಿಗೆ ತೊಟ್ಟಿಲ ಸಮೇತ ಕಳಿಸಬೇಕಿತ್ತು. ಅಲ್ಲಿ ಅತ್ತೆ ಕಣ್ಣಿಗೆ ಗುಳಿಗೆ ಬಿದ್ದರೆ? ಹೋಗುವ ಎರಡು ವಾರದ ಮೊದಲೇ ಪೂರ್ತಿ ನಿಲ್ಲಿಸಿದರು. ಆಗ ಅವಳು ಚೆನ್ನಾಗಿಯೇ ಇದ್ದಳು. ಚೆನ್ನಾಗಿದ್ದುದಕ್ಕೆ ಗುಳಿಗೆ ಕಾರಣ ಅಂತ ಯಾರಿಗೂ ಹೊಳೆಯಲಿಲ್ಲ. ಗುಳಿಗೆ ಬಿಟ್ಟ ಮರುದಿನವೇ ಕಾಯಿಲೆ ಮರಳಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಅದು ವಾರಗಟ್ಟಲೆ ಕಾಯ್ದು ಬರುತ್ತದೆ, ಅಷ್ಟರಲ್ಲಿ ಬೇರೆ ಕಾರಣ ಸಿಕ್ಕಿರುತ್ತದೆ.

ಗಂಡನ ಮನೆಗೆ ಹೋಗಿ ಒಂದು ವಾರ ಆಗಿರಲಿಲ್ಲ, ಮತ್ತೆ ನಿದ್ದೆ ಹೋಯಿತು. ಈ ಸಲ ಅತ್ತೆ ಊಟದಲ್ಲಿ ಏನೋ ಹಾಕುತ್ತಾಳೆ ಅನ್ನುವ ಸಂಶಯ. ಭತ್ತದ ಕಟಾವಿನ ಹೊತ್ತು, ಮನೆ ತುಂಬ ಆಳು. ಎಲ್ಲರ ಮುಂದೆ ತಟ್ಟೆ ಎಸೆದಳು.

ಸಿಂಧನೂರಿನ ಕಡೆಯವರು

ಅತ್ತೆ ಕೆಟ್ಟವಳು ಅಂತ ಬರೆದರೆ ಓದುವವರಿಗೆ ಸಮಾಧಾನ, ಅಲ್ವಾ? ಆ ಹೆಂಗಸು ಮೊದಲ ಎರಡು ರಾತ್ರಿ ಸೊಸೆಯ ಪಕ್ಕ ಕೂತಿದ್ದಳು. ಅವಳಿಗೆ ಸಿಟ್ಟು ಬಂದದ್ದು ಸೊಸೆಯ ಟ್ರಂಕಿನಲ್ಲಿ ಜಿಲ್ಲಾ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್ ಸಿಕ್ಕಾಗ. “ಜ್ವರ ಅಂದ್ರು. ಮೊದಲ ಹುಚ್ಚಿ ಇದ್ಲು, ಮುಚ್ಚಿಟ್ಟು ಕೊಟ್ಟಾರ.” ಹಿರಿಯರು ಕೂಡಿದರು. ಇನ್ನೊಂದು ಮದುವೆಯ ಮಾತೂ ಬಂತು. ವಕೀಲರನ್ನು ಕೇಳಿದರೆ ಡಿಸ್ಚಾರ್ಜ್ ಕಾರ್ಡ್ ತೋರಿಸಿದರೆ ಸಾಕು, ವಿಚ್ಛೇದನ ಸಿಗುತ್ತದೆ ಅಂತ ಯಾರೋ ಹೇಳಿದ್ದರು.

ಸಾಲದು. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ವಿಚ್ಛೇದನಕ್ಕೆ ಒಂದು ಕಾರಣ ಹೌದು. ಆದರೆ ವಾಸಿಯಾಗದಂಥದ್ದಾಗಿರಬೇಕು, ಇಲ್ಲವೇ ಜೊತೆಗೆ ಬಾಳಲು ಸಾಧ್ಯವೇ ಇಲ್ಲ ಅನ್ನುವಷ್ಟು ತೀವ್ರವಾಗಿರಬೇಕು. ಕಾಯಿಲೆಯ ಹೆಸರು ಒಂದಿದ್ದರೆ ಆಗದು, ಅದು ಎಷ್ಟರ ಮಟ್ಟಿಗಿದೆ ಅಂತ ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಸ್ಕಿಜೋಫ್ರೇನಿಯಾದ ಒಂದು ಪ್ರಕರಣದಲ್ಲಿ ಹೇಳಿದೆ.

ಆ ಮನೆಯಲ್ಲಿ ಕಾನೂನಿಗಿಂತ ಕೆಲಸ ಮಾಡಿದ್ದು ಕಾರ್ಡಿನ ಮೇಲಿನ ದಿನಾಂಕ. ಗಂಡ ಅದನ್ನು ಕೈಯಲ್ಲಿ ಹಿಡಿದು ಲೆಕ್ಕ ಹಾಕಿದ. ಕಾಯಿಲೆ ಶುರುವಾದದ್ದು ಹೆರಿಗೆಯಾದ ಮೂರನೇ ದಿನ. ಮದುವೆಯಾಗಿ ಎರಡು ವರ್ಷ ಅವಳು ಇದೇ ಮನೆಯಲ್ಲಿ ಇದ್ದಳು, ನಾಟಿ ಮಾಡಿದ್ದಳು, ಸಂಘದ ಸಾಲದ ಲೆಕ್ಕ ಬರೆದಿದ್ದಳು. “ಅವಾಗ ನೀವ್ಯಾರಾದ್ರೂ ಹುಚ್ಚಿ ಅಂದಿದ್ರೇನು?” ಅಂತ ಹಿರಿಯರನ್ನು ಕೇಳಿದ. ಕಾಯಿಲೆಗಿಂತ ಅವನಿಗೆ ನೋವಾದದ್ದು ತನ್ನಿಂದ ಮುಚ್ಚಿಟ್ಟದ್ದು. ಮಾವನ ಜೊತೆ ಈಗಲೂ ಅವನ ಮಾತು ಅಷ್ಟಕ್ಕಷ್ಟೇ.

ಮತ್ತೆ ಅದೇ ಗುಳಿಗೆ ಶುರು ಮಾಡಿದರು. ಲಿಥಿಯಂ ಬಗ್ಗೆಯೂ ಡಾಕ್ಟರ್ ಮಾತಾಡಿದರು. ಈ ಕಾಯಿಲೆಗೆ ಅದು ಒಳ್ಳೆಯ ಔಷಧ. ಆದರೆ ರಕ್ತದಲ್ಲಿ ಅದರ ಮಟ್ಟ ಪರೀಕ್ಷಿಸುತ್ತಿರಬೇಕು, ನೀರು ಕಮ್ಮಿ ಕುಡಿದರೆ ಮಟ್ಟ ಏರಿ ವಿಷವಾಗುತ್ತದೆ, ಹಾಲಿಗೂ ಜಾಸ್ತಿ ಇಳಿಯುತ್ತದೆ. ಈ ಸಲ ಡಾಕ್ಟರ್ ಮಾತಾಡಿದ್ದು ಅವಳ ಹತ್ತಿರವೇ. ಸದ್ಯಕ್ಕೆ ಬೇಡ ಅಂತ ಅವಳೇ ಅಂದಳು. ಓಲಾಂಜಪಿನ್‌ನಿಂದ ತೂಕ ಏರುತ್ತದೆ, ಶುಗರ್ ನೋಡಿಸುತ್ತಿರಬೇಕು ಅನ್ನುವುದನ್ನೂ ಕೇಳಿ ಒಪ್ಪಿದಳು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಗುಳಿಗೆ ಮುಂದುವರಿಸಿ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸುತ್ತಾರೆ. ಔಷಧದಷ್ಟೇ ಮುಖ್ಯವಾದ ಇನ್ನೊಂದು ಸೂಚನೆಯನ್ನು ಅತ್ತೆ ತಾನೇ ವಹಿಸಿಕೊಂಡಳು. ರಾತ್ರಿ ಕೂಸು ಅತ್ತೆಯ ಹತ್ತಿರ, ಒಂದು ಸಲ ಹಿಂಡಿಟ್ಟ ಹಾಲು. ಸೊಸೆಗೆ ಒಂದೇ ಸಮನೆ ಆರು ತಾಸು ನಿದ್ದೆ. ಅನುಮಾನ ಬಂದರೆ ಮಂಗಳವಾರದವರೆಗೆ ಕಾಯದೆ 14416ಕ್ಕೆ ಫೋನ್ ಮಾಡಿ ಅಂತ ಗಂಡನಿಗೆ ಹೇಳಿದ್ದೆವು. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಈಗ ಅವಳು ಚೆನ್ನಾಗಿದ್ದಾಳೆ. ಸಂಘದ ಲೆಕ್ಕ ಮತ್ತೆ ಅವಳ ಕೈಗೆ ಬಂದಿದೆ. ‘ತಲಿ ಕೆಟ್ಟಿತ್ತು’ ಅಂತ ಸಂಘದಲ್ಲಿ ಇಬ್ಬರು ತಕರಾರು ತೆಗೆದರು, ಮಿಕ್ಕವರು ಹಳೆ ಪುಸ್ತಕ ತೆಗೆದು ಯಾರ ಲೆಕ್ಕ ಸರಿ ಇತ್ತು ಅಂತ ನೋಡಿ ಸುಮ್ಮನಾದರು.

ಉಳಿದಿರುವುದು ಮುಂದಿನ ಹೆರಿಗೆ. ಒಮ್ಮೆ ಹೀಗಾದವರಿಗೆ ಮತ್ತೊಂದು ಹೆರಿಗೆಯ ನಂತರ ಮರಳುವ ಸಾಧ್ಯತೆ ಜಾಸ್ತಿ, ಮೂವರಲ್ಲಿ ಒಬ್ಬರಿಗಾದರೂ ಮರಳುತ್ತದೆ. ಹಾಗಂತ ಮಕ್ಕಳೇ ಬೇಡ ಅಂತಲ್ಲ. ಬಸಿರಾಗುವ ಮೊದಲೇ ಮನೋವೈದ್ಯರನ್ನು ಕಾಣಬೇಕು. ಹೆರಿಗೆಯಾದ ಕೂಡಲೇ ಯಾವ ಔಷಧ, ಎಲ್ಲಿ ಹೆರಿಗೆ, ರಾತ್ರಿ ಕೂಸು ಯಾರ ಹತ್ತಿರ ಅಂತ ತೀರ್ಮಾನ ಮಾಡಿಟ್ಟುಕೊಂಡರೆ ಅಪಾಯ ಬಹಳ ಇಳಿಯುತ್ತದೆ. ಮನಸ್ಸಿನ ಏರಿಳಿತಕ್ಕೆ ಬರೆಯುವ ವಾಲ್ಪ್ರೊಯೇಟ್ ಗುಳಿಗೆಯನ್ನು ಬಸಿರಾಗುವ ವಯಸ್ಸಿನವರಿಗೆ ಕೊಡಬಾರದು, ಹೊಟ್ಟೆಯ ಮಗುವಿಗೆ ಕೆಟ್ಟದ್ದು. ಬೇರೆ ಯಾರಾದರೂ ಡಾಕ್ಟರ್ ಬರೆದರೆ ಕೇಳಿ ಅಂತಲೂ ಹೇಳಿದ್ದೇವೆ.

ಮುಂದಿನ ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಹಿಂದಿನ ಕಾಯಿಲೆಯ ಹೆಸರು ಬರೆಸಿ ಅನ್ನುವುದು ನಮ್ಮ ಸಲಹೆ. ಅತ್ತೆ ಒಪ್ಪುತ್ತಿಲ್ಲ. ಕಾರ್ಡು ಅಂಗನವಾಡಿಯಿಂದ ಹಿಡಿದು ಹತ್ತು ಕೈ ಓಡಾಡುತ್ತದೆ, ನಾದಿನಿಯ ಮದುವೆ ಬಾಕಿ ಇದೆ. ಗಂಡನಿಗೆ ಬರೆಸಬೇಕು ಅಂತಿದೆ. ಅವಳು ಬೇರೆಯೇ ದಾರಿ ಹೇಳಿದಳು: ಒಂದು ಬಿಳಿ ಹಾಳೆಯಲ್ಲಿ ಎಲ್ಲ ಬರೆಸಿ ಕಾರ್ಡಿನ ಕವರಿನೊಳಗೆ ಇಟ್ಟುಕೊಳ್ಳುತ್ತೇನೆ, ಹೆರಿಗೆ ಡಾಕ್ಟರಿಗೆ ನಾನೇ ತೆಗೆದು ಕೊಡುತ್ತೇನೆ ಅಂತ. ಅವಳಿಗೆ ತೆಗೆದು ಕೊಡಲು ಆಗದ ಸ್ಥಿತಿ ಬಂದರೆ ಆ ಹಾಳೆ ಯಾರ ಕೈಯಲ್ಲಿರಬೇಕು ಅಂತ ನಾನು ಕೇಳಿದೆ. ತಾಯಿಯ ಹೆಸರು ಹೇಳಲಿಲ್ಲ, ಅಣ್ಣನದೂ ಹೇಳಲಿಲ್ಲ. ಗಂಡನ ಫೋನಿನಲ್ಲಿ ಅದರ ಫೋಟೋ ಇರಲಿ ಅಂದಳು.